ಬಳೆ ಹಸಿರಿನ ಗಾಡಿ

ನನ್ನ ಬಲಗೈ ಹೆಬ್ಬೆರಳಿನ ಉಗುರಿನಲ್ಲೊಂದು ಸೀಳಿದೆ. ಆ ಸೀಳಿನಲ್ಲಿ ಜೋಳದ ಕಾಳಿನಷ್ಟು ಹಸಿರು ಬಣ್ಣ ಕುಳಿತಿದೆ. ಸೀಮೆಎಣ್ಣೆಗೆ ಅದು ಹೆದರಲಿಲ್ಲ, ಸೀಗೆಕಾಯಿಗೆ ಸೋಲಲಿಲ್ಲ, ಹುಣಸೆಹಣ್ಣಿಗೂ ಜಗ್ಗಲಿಲ್ಲ. ಇಷ್ಟು ಹಠಮಾರಿ ಪದಾರ್ಥ ಮನೆಯಲ್ಲಿ ಇನ್ನೊಂದಿದ್ದರೆ ಅದು ನಾನೇ ಎಂದು ನಮ್ಮ ಯಜಮಾನರು ಹೇಳುತ್ತಾರೆ. ಹೇಳಲಿ. ನಾಲ್ಕನೆಯ ಇಯತ್ತೆಗೆ ಪಾಟಿ ಕೆಳಗಿಟ್ಟವಳು ನಾನು. ದೊಡ್ಡ ಮಾತುಗಳು ಬಂದಿರುವುದೆಲ್ಲ ಶ್ರಾವಣದ ಪುರಾಣ ಕೇಳಿ ಕೇಳಿ. ಆದ್ದರಿಂದ ಈ ಬಣ್ಣದ ಮಹಾತ್ಮೆಯನ್ನೂ ಪುರಾಣದಂತೆಯೇ ಸಾದ್ಯಂತ ಹೇಳಿಬಿಡುತ್ತೇನೆ. ನೀವು ನಕ್ಕರೂ ಅಡ್ಡಿಯಿಲ್ಲ.

ನಮಗೆ ಮೊಮ್ಮಗಳು ಹುಟ್ಟಿದಳು! ಈ ವಾಕ್ಯವನ್ನು ಮರಾಠಿ ಸೀಮೆಯ ಸಾತಪುರದ ನಮ್ಮ ಓಣಿಯಲ್ಲಿ ಕನ್ನಡದಲ್ಲಿ, ಮರಾಠಿಯಲ್ಲಿ, ಬಾರದ ಹಿಂದಿಯಲ್ಲಿ ನಾನು ಎಷ್ಟು ಸಲ ಹೇಳಿದೆನೆಂದರೆ, ಹಾಲಿನವನು ಸೈಕಲ್ಲಿಂದ ಇಳಿಯದೆಯೇ ಹಾಲು ಹಾಕಿ ಓಡುವುದನ್ನು ಕಲಿತ. ಸೊಸೆ ಹೆರಿಗೆಗೆ ಹೋದದ್ದು ತವರಿಗೆ, ಔರಂಗಾಬಾದ ಹತ್ತಿರದ ಗಂಗಾಪುರಕ್ಕೆ. ನಮ್ಮ ಬೀದರ ಕಡೆಯ ಪದ್ಧತಿಯಂತೆ ಐದನೆಯ ತಿಂಗಳಿಗೆ ಗಂಡನ ಮನೆಯವರು ಹೋಗಿ ಬಾಣಂತಿಯನ್ನೂ ಕೂಸನ್ನೂ ಕರೆತರಬೇಕು. ಆದರೆ ತೊಟ್ಟಿಲಿಗೆ ಹಾಕಿದ ದಿನವೇ ಬೀಗತಿ, ಅಂದರೆ ಸೊಸೆಯ ತಾಯಿ, ಅಂಗಳದಲ್ಲಿ ನಿಂತಿದ್ದ ನಮ್ಮ ಹಳೆಯ ಪಿಕಪ್ ಗಾಡಿಯನ್ನು ಮೇಲಿಂದ ಕೆಳಗೆ ನೋಡಿ, ಬಂದ ಹೆಂಗಸರೆಲ್ಲರ ಎದುರಿಗೆ ಅಂದರು:

“ಕರಕೊಂಡು ಹೋಗಾಕ ಬರೂ ಮುಂದ ಕಾರು ತರ್ರಿ ಬೀಗತಿಯವ್ರ. ಈ ಉಳ್ಳಾಗಡ್ಡಿ ಗಾಡ್ಯಾಗ ನಾ ಕೂಸಿಗಿ ಕಳಸಲ್ಲ ನೋಡ್ರಿ.”

ಉಳ್ಳಾಗಡ್ಡಿ ಗಾಡಿ! ಮಿಲಿಟರಿಯವರು ಹರಾಜಿಗೆ ಹಾಕಿದ್ದನ್ನು ನಮ್ಮವರು ಹಿಡಿದು ತಂದದ್ದು ಅದು. ಘೋಟಿ ಪೇಟೆಯಿಂದ ಅಕ್ಕಿಯ ಚೀಲ ಹೊತ್ತು, ಉಳ್ಳಾಗಡ್ಡಿ ಹೊತ್ತು, ಒಮ್ಮೆ ಒಂದು ಎಮ್ಮೆಯನ್ನೂ ಹೊತ್ತು, ನನ್ನ ಮಗ ಶಿವರಾಜನನ್ನು ಓದಿಸಿ ಕಾರಖಾನೆಯ ಗೇಟಿನವರೆಗೆ ಮುಟ್ಟಿಸಿದ ಗಾಡಿ. ಬಾಗಿಲುಗಳನ್ನು ಜಂಗು ತಿಂದು ಜರಡಿ ಮಾಡಿತ್ತು, ನಿಜ. ಆದರೆ ದುಡಿದವರ ಮೈ ನುಣ್ಣಗಿರಬೇಕೆಂದು ಯಾವ ಶಾಸ್ತ್ರದಲ್ಲಿ ಬರೆದಿದೆ?

ಶಿವರಾಜ ಸಂಧಿಗೆ ಸಿದ್ಧನಾದ. “ನಮ್ಮ ಸಾಹೇಬ್ರ ಕಾರು ಕೇಳ್ತೀನಿ ಬಿಡವ್ವ.”

“ಮಂದಿ ಕಾರಿನಾಗ ಬರಾಕ ಆಕಿ ಏನ್ ಬಿದ್ದು ಸಿಕ್ಕಾಳೇನು? ಮನಿ ಕೂಸು, ಮನಿ ಗಾಡ್ಯಾಗ ಬರ್ತದ. ಬಣ್ಣ ನಾ ಹಚ್ತೀನಿ,” ಎಂದೆ.

ಹೀಗೆ ಸಮರಾರಂಭವಾಯಿತು. ಜೀವಮಾನವಿಡೀ ಪಾತ್ರೆ ತಿಕ್ಕಿದ ಕೈಗೆ ಜಂಗು ತಿಕ್ಕುವುದು ಹೊಸ ವಿದ್ಯೆಯಲ್ಲ. ಉಸುಕಿನ ಕಾಗದ ಹಿಡಿದು ಎಂಟು ದಿನ ಕುಳಿತೆ. ಮೇಲಿನ ಕಂದು ಹೋಗಿ ನೀಲಿ ಬಂತು, ನೀಲಿಯ ಕೆಳಗೆ ಮಿಲಿಟರಿಯ ಮಣ್ಣುಹಸಿರು ಬಂತು, ನನ್ನ ಹೆಬ್ಬೆರಳಿನ ಉಗುರು ಸೀಳಿದ್ದೂ ಅಲ್ಲೇ. ತೂತುಗಳಿಗೆ ಯಜಮಾನರು ತಗಡಿನ ತೇಪೆ ಹಾಕಿದರು, ನಾನು ಪುಟ್ಟಿ ಮೆತ್ತಿದೆ. ಗಾಜುಗಳಿಗೆ ಹಳೆಯ ಪೇಪರನ್ನು ಜೋಳದ ಹಿಟ್ಟಿನ ಅಂಟಿನಿಂದ ಹಚ್ಚಿದೆವು. ಅರ್ಧ ಅಂಟನ್ನು ಪಕ್ಕದ ಮನೆಯ ಮೇಕೆ ಪೇಪರಿನ ಸಮೇತ ತಿಂದಿತು. ಕೆಂಪು ಪ್ರೈಮರು ಒಣಗುವಾಗ ಓಣಿಯ ಗಂಡಸರು ನಿಂತು, “ಆಜೀ, ಇದು ಬಾಯಕಾಂಚ ಕಾಮ ಅಲ್ಲ,” ಎಂದು ನನ್ನ ಕನ್ನಡಕ್ಕೂ ಅವರ ಮರಾಠಿಗೂ ಮದುವೆ ಮಾಡಿ, ಇದು ಹೆಂಗಸರ ಕೆಲಸವಲ್ಲವೆಂದು ಉಪದೇಶಿಸಿದರು. ಗೋಡೆಗೆ ಸುಣ್ಣ ಬಳಿಯುವಾಗ ಬಾರದ ಉಪದೇಶ ಗಾಡಿಗೆ ಯಾಕೆ? ಗೋಡೆ ನಿಂತಿರುತ್ತದೆ, ಗಾಡಿ ಓಡುತ್ತದೆ, ಅಷ್ಟೇ ಅಲ್ಲವೇ ವ್ಯತ್ಯಾಸ!

ಯಾರ ಕಣ್ಣಿಗೂ ಬೀಳದ ಬೂದುಬಣ್ಣ ಸಾಕೆಂದು ಮಗ. ಕಣ್ಣಿಗೆ ಬೀಳಲೆಂದೇ ಹಚ್ಚುವುದು ಎಂದು ನಾನು. ಸೊಸೆಯ ಕುಬಸದಲ್ಲಿ ಬಸುರಿಗೆ ತೊಡಿಸಿದ ಹಸಿರು ಬಳೆಗಳಲ್ಲಿ ಒಡೆದದ್ದೊಂದು ನನ್ನ ಡಬ್ಬಿಯಲ್ಲಿತ್ತು. ಆ ಚೂರನ್ನು ಬಣ್ಣದ ಅಂಗಡಿಯವನ ಮುಂದಿಟ್ಟು, ಇದಕ್ಕೆ ಸರಿಹೊಂದುವವರೆಗೆ ಕಲಸು ಎಂದು ಸ್ಟೂಲಿನ ಮೇಲೆ ಕುಳಿತುಬಿಟ್ಟೆ.

ಧೂಳು ಏಳದಂತೆ ಅಂಗಳಕ್ಕೆ ನೀರು ಚಿಮುಕಿಸಿ, ಹೊರಡುವ ಹಿಂದಿನ ದಿನ ಕೊನೆಯ ಕೈ ಹಚ್ಚಿದೆ. ಗಾಡಿ ಬಸುರಿಯ ಮುಂಗೈಯಂತೆ ಹೊಳೆಯಿತು. ಅದೇ ಹಸಿರು ನನ್ನ ಉಗುರಿನ ಸೀಳಿಗೂ ಇಳಿಯಿತು. ಆಗ ನಡೆಯಿತು ಅನಾಹುತ. ಒಲೆ ಸಾರಿಸಿ ಮುಗಿಸಿದೊಡನೆ ವಿಭೂತಿಯ ಮೂರು ಗೆರೆ ಎಳೆಯುವುದು ನಲವತ್ತು ವರ್ಷದ ಅಭ್ಯಾಸ; ಬುದ್ಧಿಯನ್ನು ಕೇಳದೆ ಕೈ ತಾನೇ ಹೋಗಿ ವಿಭೂತಿ ಮುಟ್ಟಿ, ಹಸಿ ಬಾನೆಟ್ಟಿನ ನಟ್ಟನಡುವೆ ಮೂರು ಬೆರಳು ಎಳೆದುಬಿಟ್ಟಿತು. ಬಣ್ಣದಲ್ಲಿ ಮೂರು ಕಾಲುವೆ, ಕಾಲುವೆಯಲ್ಲಿ ಬೂದಿ!

“ಅವ್ವಾ! ಉಜ್ಜಿ ಮತ್ತ ಹಚ್ಚಬೇಕಾತು,” ಎಂದು ಶಿವರಾಜ ತಲೆ ಹಿಡಿದುಕೊಂಡ.

“ವಿಭೂತಿಗಿ ಉಸುಕಿನ ಕಾಗದ ಹಚ್ತೀಯೇನಲೇ?” ಎಂದರು ಯಜಮಾನರು. ಮಗ ಉಸುಕಿನ ಕಾಗದ ಕೆಳಗಿಟ್ಟ. ಗೆರೆ ಉಳಿಯಿತು. ಮರುದಿನ ದಾರಿಯುದ್ದಕ್ಕೂ ನನಗೆ ಒಂದೇ ಚಿಂತೆ: ಬರಿಗೈಯಲ್ಲಿ ತಿರುಗಿ ಬಂದರೆ ಓಣಿಗೆ ಏನು ಹೇಳಲಿ?

ಗಂಗಾಪುರದಲ್ಲಿ ಬೀಗತಿ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಬಾನೆಟ್ಟಿನ ಮುಂದೆ ನಿಂತರು.

“ಏನ್ರೀ ಇದು, ಗಾಡಿಗೂ ದೀಕ್ಷಾ ಕೊಟ್ಟೀರೇನು?”

“ಹೌದ್ರಿ. ನಮ್ಮನ್ಯಾಗ ದುಡಿಯೋರಿಗೆಲ್ಲ ಕೊಡ್ತೀವಿ.”

ಅವರು ನಗಲಿಲ್ಲ. ತಮ್ಮ ಮೂರು ಬೆರಳನ್ನು ಆ ಕಾಲುವೆಗಳಲ್ಲಿಟ್ಟು ನೋಡಿದರು, ಅವರ ಬೆರಳಿಗಿಂತ ಕಾಲುವೆಗಳೇ ಅಗಲವಾಗಿದ್ದವು. ಬಳಿಕ ನನ್ನ ಕೈಯನ್ನು, ಉಗುರಿನ ಹಸಿರನ್ನು ನೋಡಿದರು. “ನೀವೇ ಹಚ್ಚೀರೇನು?” ಎಂದರು, ಮೆಲ್ಲಗೆ. ನಾನು ಗದ್ದ ಮೇಲೆತ್ತಿಯೇ ನಿಂತಿದ್ದೆ. ಅವರು ಒಳಗೆ ಹೋಗಿ ಕೂಸನ್ನು ತಾವೇ ಎತ್ತಿ ತಂದು, ಮಗಳನ್ನು ಮುಂದಿನ ಸೀಟಿಗೆ ಹತ್ತಿಸಿ, ಅವಳ ಮಡಿಲಿಗಿಟ್ಟು ಗದರಿಸಿದರು:

“ಕಿಟಕಿ ಗಾಜು ಏರಸು. ಕೂಸಿಗಿ ಗಾಳಿ ಹತ್ತತದ.”

ಜಗತ್ತಿನಲ್ಲಿ ಇಷ್ಟು ಮಧುರವಾದ ಗದರಿಕೆಯನ್ನು ನಾನು ಕೇಳಿಲ್ಲ.

ಈಗ ಉಗುರು ಬೆಳೆದು ಹಸಿರು ತುದಿಗೆ ಬಂದು ನಿಂತಿದೆ. ಒಮ್ಮೆ ಕತ್ತರಿ ಆಡಿಸಿದರೆ ಹೋಗಿಯೇ ಹೋಗುತ್ತದೆ. ಇಂದು ಬೆಳಗ್ಗೆ ಕತ್ತರಿ ಹಿಡಿದು ಕುಳಿತಿದ್ದೆ. ಮೊಮ್ಮಗಳು ತೆವಳುತ್ತ ಬಂದು ಅದೇ ಹೆಬ್ಬೆರಳನ್ನು ಮುಷ್ಟಿಯಲ್ಲಿ ಹಿಡಿದು ಪರಚಿದಳು. ನೋಡಿದರೆ ಅವಳ ಉಗುರುಗಳೂ ಬೆಳೆದಿದ್ದವು. ಅವಳದ್ದನ್ನು ಕತ್ತರಿಸಿ, ಕತ್ತರಿಯನ್ನು ಒಳಗಿಟ್ಟೆ.