ಮರೆತ ಮಾತಿಗೆ ಬಂದ ಚಪ್ಪಾಳೆ

ಕಳೆದ ವಾರ ಕ್ಯಾರಲ್ಟನ್ನಿನ ನಮ್ಮ ಕನ್ನಡ ಕೂಟದ ನಾಟಕಕ್ಕೆ ನನಗೆ ಮೀಸೆ ಅಂಟಿಸಿದರು. ಪೊಲೀಸನ ಪಾತ್ರ, ಇರುವುದೇ ಎರಡು ಮಾತು, ಅದರಲ್ಲೊಂದು ‘ಆಯ್ತು ಸಾರ್’. ಅಂಟಿನ ವಾಸನೆ ಮೂಗಿಗೇರಿದ್ದೇ ತಡ, ಪಕ್ಕದೂರು ಯೂಲೆಸ್‌ನ ಬಸವರಾಜ ಅಂಕಲ್ ನೆನಪಾದರು. “ಈ ವಾಸನಿ ಇಲ್ದ ನನಗ ಊಟಾನೂ ಸೇರವಲ್ದು ನೋಡ್ರಿ” ಎನ್ನುತ್ತಿದ್ದರು.

ಮೂವತ್ತು ವರ್ಷ ಕಂಪನಿ ನಾಟಕಗಳಲ್ಲಿ ರಾಜನಾಗಿ ಮೆರೆದು, ಕೊನೆಗೆ ಮಗಳ ಮನೆ ಸೇರಿದವರು. ವಿಮಾನ ನಿಲ್ದಾಣದ ಮಗ್ಗುಲಿನ ಮನೆ. ತಲೆಯ ಮೇಲೆ ವಿಮಾನ ಹೋದಾಗಲೆಲ್ಲ ಅಂಕಲ್ ಮಾತನ್ನು ಅರ್ಧಕ್ಕೆ ನಿಲ್ಲಿಸಿ, ಸದ್ದು ಪೂರ್ತಿ ಅಡಗಿದ ಮೇಲೆ ಅದೇ ಅಕ್ಷರದಿಂದ ಮುಂದುವರಿಸುವರು. ಮಗಳು ಬಂದವರಿಗೆಲ್ಲ ಗಾಜಿನ ಕಪಾಟಿನ ಬೆಳ್ಳಿ ಪದಕ ತೋರಿಸುತ್ತಿದ್ದಳು. ಒಂದು ನಾಟಕದಲ್ಲಿ ಮಗನ ಹೆಣದ ಮುಂದೆ ರಾಜನಾದ ಅಂಕಲ್ ಮಾತೇ ಹೊರಡದೆ ನಿಂತದ್ದು, ಇಡೀ ಟೆಂಟು ಅತ್ತದ್ದು, ಅದಕ್ಕೇ ಪದಕ ಬಂದದ್ದು.

ಆಗ ಆಸ್ಟಿನ್ನಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಧಾರವಾಡದ ಶರೀಫಾ ರಜೆಗೆ ನಮ್ಮ ಮನೆಗೆ ಬರುತ್ತಿದ್ದಳು. ಅವಳ ವಿಷಯ ವಿಕ್ಟೋರಿಯಾ ರಾಣಿಯ ಕಾಲದ ಒಬ್ಬ ಲಂಡನ್ ನಟ. ನಾಟಕದ ಕರಪತ್ರ ಹಂಚುತ್ತಿದ್ದವನು ಇಪ್ಪತ್ತು ವರ್ಷ ಊರಿಗೆ ಊರೇ ಕೊಂಡಾಡುವ ನಟನಾಗಿದ್ದ. ಕೊನೆಗೆ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಸತ್ತ. ಅವಳು ನೂರು ಸಲ ಹೇಳಿದರೂ ಅವನ ಹೆಸರು ನನಗೆ ನೆನಪಿಲ್ಲ. ಕೊನೆಯ ದೊಡ್ಡ ಪಾತ್ರದಲ್ಲಿ ಅವನು ಬಹಳ ಹೊತ್ತು ಮೌನವಾಗಿ ನಿಂತನಂತೆ. ಪತ್ರಿಕೆಗಳು ಹಾಡಿ ಹೊಗಳಿದವಂತೆ. ಶರೀಫಾ ಆ ಮೌನದ ಮೇಲೆಯೇ ಒಂದು ಅಧ್ಯಾಯ ಬರೆದಿದ್ದಳು.

ನಟರ ಕಥೆ ನಟರಿಗೆ ರುಚಿಸೀತೆಂದು ಅವಳನ್ನು ಯೂಲೆಸ್‌ಗೆ ಕರೆದೊಯ್ದೆ. ಮಗಳು ಅಂಗಡಿಗೆ ಹೋಗಿದ್ದಳು. ಅಂಕಲ್ ಎಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರು.

“ನಿಂತಾಗ ಅಂವನ ಕೈ ಎಲ್ಲಿದ್ದುವು?”

ಶರೀಫಾ ಟಿಪ್ಪಣಿ ತಿರುವಿದಳು. “ಕುರ್ಚಿ ಬೆನ್ನು ಗಟ್ಟಿ ಹಿಡಕೊಂಡಿದ್ದ, ಅಂಕಲ್.”

“ಹಂಗಾದ್ರ ಮಾತು ಮರತಾನ ಅಂವ.”

“ನಿಮಗ ಹೆಂಗ ಗೊತ್ತು?”

ಅಂಕಲ್ ಬಾಗಿಲ ಕಡೆ ನೋಡಿದರು. “ಹಾವೇರಿಯೊಳಗ ನಾನೂ ಮಾತು ಮರತು ಸಿಂಹಾಸನ ಹಿಡಕೊಂಡು ನಿಂತಿದ್ದೆ. ಮಂದಿ ಅತ್ರು, ಪದಕ ಕೊಟ್ರು. ಮರುದಿನದಿಂದ ಮಾಲಕರು ‘ಹಂಗs ನಿಂದ್ರಬೇಕು’ ಅಂದ್ರು. ಮಾತು ನೆನಪಿದ್ರೂ ಸುಮ್ಮ ನಿಂತೆ. ನಿಂತಾಗೆಲ್ಲಾ ಅಂಜಿಕಿ, ಮುಂದಿನ ಮಾತು ಇನ್ನ ಬರೂದs ಇಲ್ಲೇನೋ ಅಂತ. ಎರಡು ವರ್ಷಕ್ಕ ಬಣ್ಣ ಹಚ್ಚೂದು ಬಿಟ್ಟೆ.” ಕೊನೆಗೆ ಸೇರಿಸಿದರು: “ಮಗಳಿಗೆ ಇದು ಗೊತ್ತಿಲ್ಲ. ಅಂವಂದು ಬರಿ, ನಂದು ಬರೀಬ್ಯಾಡ.”

ವಾಪಸು ಬರುವಾಗ ಕಾರಿನಲ್ಲಿ ಶರೀಫಾ ಟಿಪ್ಪಣಿಯನ್ನು ಮೊದಲಿನಿಂದ ಓದತೊಡಗಿದಳು. ಆಸ್ಟಿನ್ನಿಗೆ ಹೋಗಿ ಲೈಬ್ರರಿಯಲ್ಲಿದ್ದ, ಅಂದು ರಂಗದಲ್ಲೇ ಬಳಸಿದ್ದ ಆ ನಾಟಕದ ಹಳೆಯ ಪ್ರತಿಯನ್ನು ಮತ್ತೆ ತೆಗೆಸಿದಳು. ಪರದೆಯ ಮರೆಯಿಂದ ಮಾತು ಎತ್ತಿಕೊಡುತ್ತಿದ್ದವನು ನಟ ಮೌನವಾಗಿ ನಿಂತ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಮೂರು ಗೀಟು ಎಳೆದಿದ್ದ. ಮೂರು ಸಲ ಎತ್ತಿಕೊಟ್ಟಿದ್ದಾನೆ, ನಟನಿಗೆ ಕೇಳಿಸಿಲ್ಲ. “ಮೊದ್ಲೂ ನೋಡಿದ್ದೆರಿ, ಅರ್ಥ ಆಗಿರ್ಲಿಲ್ಲ” ಎಂದಳು ಫೋನಿನಲ್ಲಿ. ಅಧ್ಯಾಯ ಹೊಸದಾಗಿ ಬರೆಯಬೇಕಾಯಿತು, ಪದವಿ ಒಂದು ವರ್ಷ ತಡವಾಯಿತು. ಈ ಹೊಳಹು ಎಲ್ಲಿಂದ ಬಂತೆಂದು ಪ್ರೊಫೆಸರ್ ಕೇಳಿದ್ದಕ್ಕೆ “ಒಬ್ಬ ಹಿರಿಯ ನಟರು ಹೇಳಿದರು” ಎಂದಷ್ಟೇ ಹೇಳಿದಳಂತೆ. ನನಗೆ ಸಿಟ್ಟು ಬಂತು. “ನಿಜ ಅಂದ್ಮೇಲೆ ನಿಜ ತಾನೆ? ಅಂಕಲ್ ಹೆಸರು ಹಾಕು, ಪ್ರಬಂಧಕ್ಕೂ ತೂಕ ಬರುತ್ತೆ” ಎಂದು ದೊಡ್ಡ ತಿಳಿದವನಂತೆ ವಾದಿಸಿದೆ. ಅವಳು ಒಪ್ಪಲಿಲ್ಲ.

ಅಂಕಲ್ ತೀರಿಕೊಂಡು ಎರಡು ವರ್ಷವಾಯಿತು. ನಾಟಕ ಮುಗಿದ ಮರುದಿನ ಶರೀಫಾಳಿಗೆ ಫೋನ್ ಮಾಡಿದೆ. ಈಗ ಹ್ಯೂಸ್ಟನ್ನಿನಲ್ಲಿ ಪಾಠ ಹೇಳುತ್ತಾಳೆ. ಅವಳ ಪ್ರಬಂಧ ಪುಸ್ತಕವಾಗುತ್ತಿದೆ.

“ಅಂಕಲ್ ಈಗಿಲ್ಲ. ಹೆಸರು ಹಾಕ್ಲೇನ್ರಿ?” ಎಂದು ಕೇಳಿದಳು.

“ಬೇಡ” ಎಂದೆ. ಅಂದು ಅಷ್ಟು ವಾದಿಸಿದ್ದವನು ಈಗ ಎಷ್ಟು ಬೇಗ ಅಂದೆನೆಂದರೆ ಅವಳು ನಕ್ಕುಬಿಟ್ಟಳು.

ಅಂಕಲ್ ಮಗಳು ಕನ್ನಡ ಓದಬಲ್ಲಳು. ಅದಕ್ಕೇ ಇಲ್ಲಿ ಊರು, ಹೆಸರು ಎಲ್ಲ ಬದಲಾಯಿಸಿದ್ದೇನೆ. ಆದರೂ ಇಷ್ಟನ್ನೂ ಬರೆಯಬಾರದಿತ್ತೇನೋ.