ನನ್ನ ತಾಯಿಯ ಹೆಸರನ್ನು ಅಲ್ಲಗಳೆದ ದಿನ

ಸುಮತಿ, ಅಂದು ತರಗತಿಯಲ್ಲಿ ನೀವು ಹೇಳಿದ್ದು ನಿಜ. ನಾನು ಹೇಳಿದ್ದು ಸುಳ್ಳು. ತಿಳಿಯದೆ ಹೇಳಿದ ಸುಳ್ಳೂ ಅಲ್ಲ — ಹೇಳುತ್ತಿರುವಾಗಲೇ ಅದು ಸುಳ್ಳೆಂದು ನನಗೆ ಗೊತ್ತಿತ್ತು.

ಮಣಿಪಾಲದ ಸಮೀಪದ ಆ ಕಾಲೇಜಿನಲ್ಲಿ ನಾನಾಗ ಹೊಸ ಕನ್ನಡ ಅಧ್ಯಾಪಕ. ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ಮೊದಲಿಗ. ಕಾಪುವಿನಲ್ಲಿ ಮೀನು ಮಾರಿ ತಾಯಿ ಓದಿಸಿದ ಮಗ. ಪ್ರತಿ ವಾಕ್ಯವನ್ನೂ ಮನಸ್ಸಿನಲ್ಲಿ ಒಮ್ಮೆ ತಿದ್ದಿಕೊಂಡು ಅನಂತರ ಬಾಯಿ ತೆರೆಯುತ್ತಿದ್ದೆ. ನಾಲಿಗೆಗೆ ಬಂದ ‘ಉಂಟು’ವನ್ನು ನುಂಗಿ ‘ಇದೆ’ ಎನ್ನುತ್ತಿದ್ದೆ. ಅಂಥವನು ಅಂದು ಪಾಠ ಮಾಡುತ್ತಿದ್ದದ್ದು, ನಿತ್ಯ ಬಳಕೆಯ ಪದಗಳು ಬೈಗುಳಗಳಾಗುವ ಬಗೆಯ ಕುರಿತು. ಕೊರಗ ಸಮುದಾಯದ ಹೆಸರನ್ನು ನಮ್ಮ ಕರಾವಳಿಯಲ್ಲಿ ಹೀಯಾಳಿಸಲು ಬಳಸುವುದನ್ನು ಖಂಡಿಸಿದೆ. ಬೇರೆ ಜಾತಿಗಳ ಹಳೆಯ ತಲೆಮಾರಿನಲ್ಲಿಯೂ ‘ಕೊರಗ’, ಹೆಣ್ಣಾದರೆ ‘ಕೊರಪೊಳು’ ಎಂಬ ಹೆಸರಿನವರು ಇದ್ದಾರೆ, ಅದು ಹೆತ್ತವರ ಅಜ್ಞಾನ, ಅಂತಹ ಹೆಸರುಗಳನ್ನು ಬದಲಾಯಿಸಲೇಬೇಕು ಎಂದು ಘೋಷಿಸಿದೆ. ವಾಕ್ಯಗಳು ಚೆನ್ನಾಗಿ ಬಂದವು. ನನಗೇ ಹೆಮ್ಮೆಯಾಯಿತು.

ಆಗ ನೀವು ಎದ್ದು ನಿಂತಿರಿ. ಕುಕ್ಕುಂದೂರಿನಿಂದ ಬರುತ್ತಿದ್ದ, ಇಡೀ ತರಗತಿಯಲ್ಲಿ ಕೊರಗ ಸಮುದಾಯಕ್ಕೆ ಸೇರಿದ ಒಬ್ಬರೇ ವಿದ್ಯಾರ್ಥಿನಿ.

“ಅಜ್ಞಾನ ಅಲ್ಲ ಸರ್, ಗೊತ್ತಿದ್ದೇ ಇಟ್ಟದ್ದು. ಹುಟ್ಟಿದ ಮಕ್ಕಳೆಲ್ಲ ಸಾಯುವ ಮನೆಯಲ್ಲಿ ಮತ್ತೊಂದು ಹುಟ್ಟಿದರೆ ನನ್ನ ಅಜ್ಜಿಯನ್ನು ಕರೆಸುತ್ತಿದ್ದರು. ಮಗುವನ್ನು ಅವರ ಕೈಗೆ ಕೊಟ್ಟು, ನಿನ್ನ ಜಾತಿಯ ಹೆಸರಿಡು ಅಂತಿದ್ದರು. ಇಷ್ಟು ಕೀಳು ಹೆಸರಿನ ಮಗು ಸಾವಿಗೂ ಬೇಡ ಅಂತ ಅವರ ನಂಬಿಕೆ. ಹೆಸರಿಟ್ಟ ಮೇಲೆ ಅಜ್ಜಿ ಅಂಗಳದಿಂದಲೇ ವಾಪಸು. ಒಳಗೆ ಬಾ ಅಂದವರಿಲ್ಲ. ಈಗ ನೀವು ಆ ಹೆಸರೇ ಬೇಡ ಅಂತೀರಿ. ಹೆಸರು ಎಂತ ಮಾಡಿತು ಸರ್?”

ಸುಮತಿ, ನನ್ನ ತಾಯಿಯ ಹೆಸರು ಕೊರಪೊಳು. ಅವರಿಗಿಂತ ಮೊದಲು ಹುಟ್ಟಿದ ಮೂವರೂ ತೊಟ್ಟಿಲಲ್ಲೇ ತೀರಿಕೊಂಡಿದ್ದರು. ನಾಲ್ಕನೆಯದಾದರೂ ಉಳಿಯಲಿ ಎಂದು ನನ್ನ ಅಜ್ಜಿ ಮಾಡಿದ್ದು, ನೀವು ವಿವರಿಸಿದ್ದನ್ನೇ. ‘ಹೌದು, ನಮ್ಮ ಮನೆಯಲ್ಲಿಯೂ’ — ಇಷ್ಟು ಹೇಳಿದ್ದರೆ ಸಾಕಿತ್ತು. ಆದರೆ ನಲವತ್ತು ಮುಖಗಳು ನನ್ನತ್ತ ತಿರುಗಿದ್ದವು, ಮತ್ತು ನಾನು —

“ನಮ್ಮ ಕಡೆ ಅಂಥದ್ದೇನೂ ಇರಲಿಲ್ಲ,” ಎಂದೆ. “ಮನೆಯಲ್ಲಿ ಕೇಳಿದ್ದನ್ನೆಲ್ಲ ನಂಬಬಾರದು.”

ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ: “ಸರ್, ನನಗೂ ಎರಡು ದಿನದಿಂದ ಜ್ವರ ಉಂಟು. ಒಂದು ಹೆಸರಿಡಲಿಕ್ಕೆ ಇವಳ ಅಜ್ಜಿಗೆ ಹೇಳಿ ಮಾರಾಯ್ರೆ!”

ತರಗತಿ ನಕ್ಕಿತು. ನಾನು ಅವನನ್ನು ಗದರಲಿಲ್ಲ. ಕಪ್ಪುಹಲಗೆಯ ಕಡೆ ತಿರುಗಿ, ಒರೆಸಬೇಕಾಗಿರದ ಏನನ್ನೋ ಒರೆಸಿದೆ. ತಿರುಗಿದಾಗ ನೀವು ಕುಳಿತಿದ್ದಿರಿ.

ನಿಮ್ಮ ಕಿರುಪ್ರಬಂಧ ನಿಮ್ಮ ಅಜ್ಜಿಯ ಬದುಕಿನ ಬಗ್ಗೆಯೇ ಆಗಬೇಕೆಂದು ನಾವಿಬ್ಬರೂ ಮೊದಲೇ ನಿರ್ಧರಿಸಿದ್ದೆವು. ಮರುವಾರ ನೀವು ಬೇರೆ ವಿಷಯದೊಂದಿಗೆ ಬಂದಿರಿ — ಪಡುಬಿದ್ರಿಯ ಕಡಲತೀರ ಮತ್ತು ಪ್ರವಾಸೋದ್ಯಮ. “ಇದಾದರೆ ಎಲ್ಲರೂ ನಂಬ್ತಾರೆ ಸರ್,” ಎಂದಿರಿ. ನಾನು ಒಪ್ಪಿಗೆ ನೀಡಿದೆ. ನಿಮ್ಮ ಅಜ್ಜಿಯ ಬದುಕನ್ನು ಅನುಮಾನಕ್ಕೆ ಈಡು ಮಾಡಿ, ನಿಮಗೆ ಮರಳು ಮತ್ತು ವಸತಿಗೃಹಗಳನ್ನು ಲೆಕ್ಕ ಹಾಕಲು ಕಳುಹಿಸಿದೆ.

ಅಷ್ಟಕ್ಕೇ ನಿಲ್ಲಲಿಲ್ಲ. ನನ್ನ ಮದುವೆಯ ಮಾತುಕತೆಗೆ ಉದ್ಯಾವರದಿಂದ ಹೆಣ್ಣಿನ ಕಡೆಯವರು ಬಂದಾಗ, ತಾಯಿಯ ಹೆಸರು ಕಮಲ ಎಂದೆ. ಅಂದಿನಿಂದ ಮನೆಯವರೆಲ್ಲ ಹಾಗೆಯೇ ಕರೆಯಬೇಕೆಂದು ಕಟ್ಟಪ್ಪಣೆ ಮಾಡಿದೆ. ಅಮ್ಮ ನಕ್ಕರು: “ಕಮಲ ಅಂದರೆ ಯಾರೋ ಟೀಚರನ್ನು ಕರೆದ ಹಾಗೆ ಆಗ್ತದೆ ಮಗ. ನಾನು ಹಿಂದೆ ತಿರುಗಿ ನೋಡ್ತೇನೆ.” ಮಾರುಕಟ್ಟೆಯಲ್ಲಿ ಪಕ್ಕದ ಬುಟ್ಟಿಯವರು ಬಿಡಲಿಲ್ಲವಂತೆ: “ಓ ಕಮಲಕ್ಕ, ನಿಮ್ಮ ಬಂಗುಡೆಗೂ ಹೊಸ ಹೆಸರು ಇಟ್ಟದ್ದುಂಟಾ?” ಅಮ್ಮ ಅದನ್ನು ತಮಾಷೆಯಾಗಿಯೇ ಹೇಳಿದರು. ಬಹಳ ದಿನ ಹೇಳಿದರು.

ಈಗ ನನಗೆ ಕೋಪ ಬರುವುದು ನನ್ನ ಆ ಸಭ್ಯತೆಯ ಮೇಲೆ. ಸಾವನ್ನು ಮೋಸಗೊಳಿಸಲು ನಿಮ್ಮವರ ಹೆಸರು ನಮಗೆ ಬೇಕಾಯಿತು. ಮಕ್ಕಳು ಬದುಕಿಕೊಂಡರು. ಆ ಮಕ್ಕಳ ಮಕ್ಕಳು ನಾಲ್ಕಕ್ಷರ ಕಲಿತು, ಅದೇ ಹೆಸರು ಮನೆಗೆ ಅವಮಾನವೆಂದು ಕಿತ್ತೆಸೆಯಲು ಹೊರಟರು. ಅದಕ್ಕೆ ‘ಸಂವೇದನೆ’ ಎಂಬ ಸುಂದರವಾದ ಪದವನ್ನೂ ಹುಡುಕಿಕೊಂಡರು! ನಿಮ್ಮವರ ಮನಸ್ಸು ನೋಯದಿರಲಿ ಎಂದು ನಾನು ಅಮ್ಮನ ಹೆಸರು ಬದಲಾಯಿಸಿದೆನೇ? ನಿಮ್ಮವರಲ್ಲಿ ಒಬ್ಬರನ್ನಾದರೂ ಕೇಳಿದೆನೇ? ನನ್ನ ಮಾವನ ಮುಂದೆ ನನ್ನ ಮುಖ ಸಣ್ಣದಾಗಬಾರದಿತ್ತು, ಅಷ್ಟೇ.

ಹೆಸರುಗಳು ಬದಲಾಗಲೇಬಾರದೆಂದು ನಾನು ವಾದಿಸುತ್ತಿಲ್ಲ. ತಮ್ಮ ಕೇರಿಗೆ ಅಂಟಿಸಿದ ಹೆಸರು ತಮ್ಮನ್ನು ಚುಚ್ಚುತ್ತದೆ ಎಂದು ಅಲ್ಲಿ ಬಾಳುವವರು ಹೇಳಿದರೆ, ಫಲಕವನ್ನು ಅಂದೇ ಇಳಿಸಬೇಕು. ಆದರೆ ಚುಚ್ಚಿದ ಕೈಯೇ ಬಂದು ಫಲಕ ಇಳಿಸಿ, ಚಪ್ಪಾಳೆಗಾಗಿ ಕಾಯುತ್ತದೆಯಲ್ಲ — ಆ ಕೈ ನನ್ನದಾಗಿತ್ತು.

ಇತ್ತೀಚೆಗೆ ಒಂದು ಸಂಜೆ, ಮೀನು ಹೆಚ್ಚುತ್ತಿದ್ದ ಅಮ್ಮನ ಪಕ್ಕ ಕುಳಿತು ಕೇಳಿದೆ — “ಅಮ್ಮ, ನಿಮಗೆ ಹೆಸರಿಟ್ಟದ್ದು ಯಾರು?”

“ಒಬ್ಬಳು ಕೊರಪೊಳು.”

“ಅವರ ಹೆಸರು?”

ಅಮ್ಮನ ಕೈ ನಿಂತಿತು. “ಹೆಸರಾ... ಯಾರು ಕೇಳಿದ್ದಾರೆ ಮಗ? ‘ಅವಳು ಎತ್ತಿಕೊಂಡದ್ದಕ್ಕೇ ನೀನು ಉಳಿದದ್ದು’ ಅಂತ ನನ್ನ ಅಮ್ಮ ಸಾಯುವವರೆಗೂ ಹೇಳ್ತಿದ್ದಳು. ಹೆಸರು ಮಾತ್ರ...” ಹೆಚ್ಚಿದ ತುಂಡುಗಳನ್ನು ಪಾತ್ರೆಗೆ ಹಾಕುತ್ತ, ನನ್ನನ್ನು ನೋಡದೆ ಹೇಳಿದರು: “ನಾವು ಕೇಳಬೇಕಿತ್ತು, ಅಲ್ವಾ?”

ಈ ವರ್ಷ ಅದೇ ಪಾಠ ಮತ್ತೆ ನನ್ನ ಪಾಲಿಗೆ ಬಂದಿದೆ. ತರಗತಿಯಲ್ಲಿ ಎಲ್ಲವನ್ನೂ ಹೇಳುವವನಿದ್ದೇನೆ ಎಂದಾಗ ಸಹೋದ್ಯೋಗಿಯೊಬ್ಬರು ಎಚ್ಚರಿಸಿದರು: “ಹಳೇ ಕತೆ ಬಿಡಿ ಮಾರಾಯ್ರೆ. ಮಕ್ಕಳು ಹೊರಗೆ ಹೋಗಿ ಎಂತೆಂತ ಹೇಳ್ತಾರೋ!” ಹೇಳಲಿ. ನನ್ನ ತಾಯಿಯ ಹೆಸರನ್ನೂ, ಅದು ಅವರಿಗೆ ಬಂದ ರೀತಿಯನ್ನೂ, ಅದನ್ನು ತಿಳಿಸಿದ ವಿದ್ಯಾರ್ಥಿನಿಯನ್ನು ನಾನು ಸುಳ್ಳುಗಾತಿಯನ್ನಾಗಿ ಮಾಡಿದ್ದನ್ನೂ ಹೇಳುತ್ತೇನೆ. ಯಾರಾದರೂ ನಕ್ಕರೆ, ಈ ಬಾರಿ ಬೆನ್ನು ತಿರುಗಿಸುವುದಿಲ್ಲ.

ನೀವು ಕ್ಷಮಿಸಬೇಕೆಂದು ಇದನ್ನು ಬರೆಯಲಿಲ್ಲ. ನಿಮ್ಮ ಅಜ್ಜಿಯ ಹೆಸರೇನೆಂದು ಅಂದು ನಾನೂ ಕೇಳಲಿಲ್ಲ. ಈಗ ಕೇಳುವ ಯೋಗ್ಯತೆ ನನಗಿಲ್ಲ. ಹೇಳಬೇಕೆಂದು ಎಂದಾದರೂ ನಿಮಗೇ ಅನ್ನಿಸಿದರೆ — ಆ ಹೆಸರನ್ನು ಕೇಳಿಸಿಕೊಳ್ಳಲು ನನ್ನ ತಾಯಿ ಇನ್ನೂ ಬದುಕಿದ್ದಾರೆ.