ತಡವಾಗಿ ಬರುವವಳು

ಹೋದ ತಿಂಗಳು ಮುಧೋಳದಲ್ಲಿ ಹಳೇ ಕಟ್ಟಿಗೆ ಮಾರುವ ಅಂಗಡಿಗೆ ಹೋಗಿದ್ದೆ. ಅಡುಗೆಮನೆಗೆ ಒಂದು ಕಪಾಟು ಮಾಡಿಸಬೇಕಿತ್ತು, ಹಲಗೆ ನೋಡೋಣ ಅಂತ. ಅಲ್ಲಿ ಗೋಡೆಗೆ ಯಾವುದೋ ಹಳೇ ಮನೆಯ ಬಾಗಿಲ ಚೌಕಟ್ಟು ಒರಗಿಸಿಟ್ಟಿದ್ದರು. ನನ್ನ ಗಲ್ಲದಷ್ಟು ಎತ್ತರ, ಅಷ್ಟೇ. ಮೇಲಿನ ಅಡ್ಡಪಟ್ಟಿಯಲ್ಲಿ ಒಣಗಿದ ಅರಿಷಿಣ, ಮತ್ತು ಆ ವಾಸನೆ… ಒಲೆಯ ಹೊಗೆ, ಎಣ್ಣೆ, ದನದ ಮೈ ಎಲ್ಲ ಸೇರಿದ್ದು. ಅದರ ಹತ್ತಿರ ಹೋದದ್ದೇ ತಡ, ನನ್ನ ಗೋಣು ತಾನಾಗಿ ಬಗ್ಗಿತು. ಚೌಕಟ್ಟಿನ ಆಚೆ ಮನೆಯೂ ಇಲ್ಲ, ಮಠವೂ ಇಲ್ಲ, ಬರೀ ಗೋಡೆ. "ಏನ ಬಿತ್ರಿ ಅಕ್ಕಾರ, ಹುಡಕಾಕತ್ತೀರಲ್ಲ?" ಅಂದ ಅಂಗಡಿಯವನು. ಬಾಜೂಮನೆ ಕಾಕು ಅಲ್ಲಿದ್ದಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದಳು.

ನಮ್ಮದು ಬೀಳಗಿ ಕಡೆಯ ಹಳ್ಳಿ. ಆಲಮಟ್ಟಿಯ ಹಿನ್ನೀರು ಬಂದಾಗ ಊರಿಗೆ ಊರೇ ಎದ್ದು ಮೇಲಿನ ಬಯಲಿಗೆ ಬಂತು. ಹಳೇ ಊರಿನಲ್ಲಿ ಎಲ್ಲವೂ ಮಣ್ಣಿನ ಮಾಳಿಗೆಯ ಮನೆಗಳು, ಬಾಗಿಲು ಗಿಡ್ಡ. ಹುಟ್ಟಿದಾಗಿನಿಂದ ಬಗ್ಗಿಯೇ ಒಳಗೆ ಹೋದವರು ನಾವು. ಅದಕ್ಕೇ ಇರಬೇಕು, ಹೊಸ ಊರಿನಲ್ಲಿ ಪ್ರತಿಯೊಬ್ಬರೂ ಹಟ ಹಿಡಿದು ಎತ್ತರದ ಬಾಗಿಲು ಇಡಿಸಿದರು. ಇಡಿಸಿ, ಅದರೊಳಗೂ ಬಗ್ಗಿಯೇ ಹೋದರು! ತಲೆಯ ಮೇಲೆ ಮೊಳದಷ್ಟು ಜಾಗ ಖಾಲಿ ಇದ್ದರೂ ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಬಗ್ಗುತ್ತಿದ್ದರು. ನೆಟ್ಟಗೆ ಬರುತ್ತಿದ್ದವರೆಂದರೆ ಪರ ಊರಿನ ಬೀಗರು ಮಾತ್ರ. ನಾವು ಬಗ್ಗುತ್ತಿದ್ದೇವೆಂಬುದೇ ನಮಗೆ ತಿಳಿದಿರಲಿಲ್ಲ.

ಅದನ್ನು ಮೊದಲು ಕಂಡವಳು ಕಾಕು. ಆಕೆ ನಮಗೆ ರಕ್ತಸಂಬಂಧಿಯಲ್ಲ. ಮುಳುಗಿದ ಊರಿನಲ್ಲೂ ಬಾಜೂಮನೆ, ಹೊಸ ಊರಿನಲ್ಲೂ ಬಾಜೂಮನೆ. ಅವ್ವನೂ ಆಕೆಯೂ ಜಾಗ ಹಂಚುವ ಸಾಹೇಬರ ಕೂಡ ಜಗಳಾಡಿ ಅಕ್ಕಪಕ್ಕದ ಜಾಗವನ್ನೇ ಹಿಡಿದಿದ್ದರು. ಒಬ್ಬರನ್ನು ಬಿಟ್ಟು ಒಬ್ಬರು ಚಹಾ ಕುಡಿದವರಲ್ಲ. ಒಂದು ಮುಂಜಾನೆ ತುಂಬಿದ ಕೊಡ ಹೊತ್ತು ಒಳಗೆ ಹೋಗುವಾಗ ಕಾಕು ಬಗ್ಗಿದ್ದಾಳೆ, ನೀರು ಮೈಮೇಲೆ ಚೆಲ್ಲಿದೆ. ತೊಯ್ದ ಸೀರೆಯಲ್ಲೇ ಹೊರಗೆ ಬಂದು ಬಾಗಿಲನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ನನ್ನನ್ನು ಕೂಗಿದಳು.

"ಇಲ್ಲಿ ಬಾ ಬೇ ತಂಗಿ. ನಾ ಒಳಗ ಹೊಕ್ಕೇನಿ, ನನ್ನ ಗೋಣು ಯಾವಾಗ ಬಗ್ಗತೈತಿ ನೋಡಿ ಹೇಳ."

ಅವತ್ತಿನಿಂದ ಆಕೆಗೆ ಅದೇ ಒಂದು ಹುಚ್ಚು ಹಿಡಿಯಿತು. ಬಗ್ಗಬಾರದೆಂದು ನಿಶ್ಚಯ ಮಾಡಿ ಹೊರಟರೆ ಹೊಸ್ತಿಲಲ್ಲಿ ಕಾಲು ಕಟ್ಟಿ ಹಾಕಿದಂತೆ ನಿಂತುಬಿಡುತ್ತಿದ್ದಳು. ಲಕ್ಷ್ಯ ಬೇರೆ ಕಡೆ ಇದ್ದರೆ ಬಗ್ಗಿ ಒಳಗೆ ಹೋಗಿ, "ಹಾಳಾತು, ಮತ್ತ ಬಗ್ಗಿದ್ನೆ!" ಎಂದು ಒದರುತ್ತಿದ್ದಳು. ಓಣಿಯವರು ಮುದುಕಿಗೆ ತಲೆ ಕೆಟ್ಟಿದೆ ಅಂದರು. ಕಾಕು ತಲೆ ಕೆಡಿಸಿಕೊಳ್ಳಲಿಲ್ಲ. ಎಷ್ಟೋ ದಿನ ನೋಡಿದ ಮೇಲೆ ನನಗೆ ಹೇಳಿದಳು, "ಒಳಗ ಇಬ್ಬರದೀವು ನೋಡ. ಒಬ್ಬಾಕಿ ಮಾಡಾಕಿ, ಒಬ್ಬಾಕಿ ನೋಡಾಕಿ. ಈ ನೋಡಾಕಿ ಅದಾಳಲ್ಲ, ಯಾವಾಗ್ಲೂ ತಡಾ ಮಾಡಿ ಬರತಾಳ."

"ಎಲ್ಲಾ ಆದಮ್ಯಾಲೆ ಬಂದ್ರ ಅಕಿ ಯಾತಕ್ಕ ಬೇಕ ಕಾಕು?" ಅಂದೆ. 

"ಬಾಗಲದಾಗ ಒಂದೀಟ ನಿಂದರಸತಾಳಲ್ಲ… ಅದಕ್ಕ."

ಅದೇ ವರ್ಷ ನನ್ನ ಪಿಯುಸಿ ಮುಗಿಯಿತು. ಅವ್ವನ ತಮ್ಮ, ಚಿಮ್ಮಡದ ಮಾವನಿಗೆ ನನ್ನನ್ನು ಕೊಡುವ ಮಾತು ಬಂತು. ಬಂತು ಅನ್ನುವುದೂ ತಪ್ಪು. ನಾನು ತೊಟ್ಟಿಲಲ್ಲಿದ್ದಾಗಿನಿಂದ ಆ ಮಾತು ಇತ್ತು. ಮಾವ ಬಂಗಾರದಂಥ ಮನುಷ್ಯ. ನಾನು ಸಾಲಿಗೆ ಹೋಗುವಾಗ ಪಾಟಿ ಕೊಡಿಸಿದವನೇ ಅವನು. ಅವ್ವ ಕೇಳಿದಳು, ನಾನು ತಲೆ ತಗ್ಗಿಸಿ ಹೂಂ ಅಂದೆ. ಅವ್ವನ ಮುಖ ಅರಳಿತು. ಕಾಕು ಅಲ್ಲೇ ಕೂತಿದ್ದಳು.

ಸಂಜೆ ನನ್ನನ್ನು ಹಿತ್ತಲಿಗೆ ಕರೆದು ಕೇಳಿದಳು, "ಹೂಂ ಅಂದಾಕಿ ನೀನೋ, ನಿನ್ನ ಗೋಣೋ?"

ನನಗೆ ಸಿಟ್ಟೇ ಬಂತು. "ಮತ್ತ ನಿನ್ನ ಲಗ್ನಕ್ಕ ಹೂಂ ಅಂದಾಕಿ ಯಾರ?" ಎಂದು ಎದುರುತ್ತರ ಕೊಟ್ಟೆ.

"ಅದನ್ನ ಹುಡಕಾಕತ್ತೇನಿ," ಅಂದಳು ಕಾಕು. ನಗಲಿಲ್ಲ. "ನನಗ ಇನ್ನೂ ಗೊತ್ತಾಗವಲ್ದು. ನೀ ಹೂಂ ಅನ್ನಬ್ಯಾಡಂತ ನಾ ಹೇಳಾಕತ್ತಿಲ್ಲ. ಒಂದೀಟ ನಿಂತ ಅನ್ನು ಅಂತೇನಿ."

ಲಗ್ನ ಗಟ್ಟಿ ಮಾಡಿ ಸಕ್ಕರೆ ಹಂಚುವ ದಿನ ಬಂತು. ಪಡಸಾಲೆಯ ತುಂಬ ಹಿರಿಯರು. ಅವ್ವ ಬೆಳ್ಳಿ ಬಟ್ಟಲಲ್ಲಿ ಸಕ್ಕರೆ ಹಿಡಿದು ನಿಂತಿದ್ದಳು. ಹಿರಿಯರೊಬ್ಬರು, "ಏನವಾ, ಒಪ್ಪಿಗಿ ಐತಿಲ್ಲ?" ಅಂದರು. ಅದು ಕೇಳುವ ಪದ್ಧತಿ, ಉತ್ತರಕ್ಕೆ ಯಾರೂ ಕಾಯುವುದಿಲ್ಲ. ನಾನು ಹೂಂ ಅನ್ನಲೆಂದೇ ಬಾಯಿ ತೆರೆದೆ. ಖರೇನೇ ಹೇಳುತ್ತೇನೆ, ಹೂಂ ಅನ್ನಲೆಂದೇ.

"ಒಲ್ಲೆ."

ಅಂದ ಮೇಲೆ ನನಗೂ ಕೇಳಿಸಿತು, ಉಳಿದವರಿಗೆ ಕೇಳಿಸಿದ ಹಾಗೆ. ಯಾರಂದರು ಎಂದು ತಿರುಗಿ ನೋಡುವಷ್ಟು ಅಚ್ಚರಿ ನನಗೇ ಆಯಿತು.

ಮಾವ ಮರುವರ್ಷ ರಬಕವಿಯ ಹುಡುಗಿಯನ್ನು ಮಾಡಿಕೊಂಡು ಸುಖವಾಗಿದ್ದಾನೆ, ಈಗ ನನ್ನನ್ನು ಕಾಡಿಸಿ ನಗುತ್ತಾನೆ. ನಾನು ಮುಂದೆ ಓದಿದೆ, ಜಮಖಂಡಿಯಲ್ಲಿ ಮಾಸ್ತರಿಕೆ ಸಿಕ್ಕಿತು. ಆದರೆ ಅವ್ವ ಕಾಕುವಿನ ಜೊತೆ ಮಾತು ಬಿಟ್ಟಳು. "ಅಕೀನ ಕಲಿಸ್ಯಾಳ. ಬಾಗಲಾ ತೋರಿಸಿ ತೋರಿಸಿ ನನ್ನ ಮಗಳ ತಲಿ ಕೆಡಿಸ್ಯಾಳ." ಎದುರಿಗೆ ಬಂದರೆ ಮುಖ ತಿರುಗಿಸುತ್ತಿದ್ದಳು. ಎಷ್ಟು ಹೇಳಿದರೂ ಕೇಳಲಿಲ್ಲ. ನಾನಾದರೂ ಎದೆ ಮುಟ್ಟಿ ಏನು ಹೇಳಲಿ… ಮೊದಲಿನ ಹೂಂ ಗೋಣಿನದಾದರೆ, ಆ ಒಲ್ಲೆ ಕಾಕುವಿನದೇಕಾಗಬಾರದು? ಒಬ್ಬರು ಒಂದು ಕಡೆ ಬಗ್ಗಿಸಿದ್ದರು, ಇನ್ನೊಬ್ಬರು ಇನ್ನೊಂದು ಕಡೆ. ಇದರಲ್ಲಿ ನಾನೆಲ್ಲಿದ್ದೆ?

ವರ್ಷಗಳ ಮೇಲೆ ಕಾಕು ಹಾಸಿಗೆ ಹಿಡಿದಾಗ ನೋಡಲು ಹೋದೆ. ಹಣೆಯಲ್ಲಿ ವಿಭೂತಿ, ಮೈ ಬತ್ತಿ ಹೋಗಿತ್ತು, ಕಣ್ಣು ಮಾತ್ರ ಅದೇ ಚುರುಕು. ಹತ್ತಿರ ಕೂತು ಕೇಳಿಯೇಬಿಟ್ಟೆ.

"ಕಾಕು, ಅವತ್ತ ಒಲ್ಲೆ ಅಂದಾಕಿ ನಾನೋ, ನೀನೋ?"

"ನಾನಂತೂ ಅಲ್ಲವಾ," ಅಂದಳು. "ನೀ ಹೂಂ ಅಂತೀ ಅಂತನ ನಾ ತಿಳದಿದ್ದೆ. ಬೀಳಗಿ ಸಂತ್ಯಾಗ ಹಸರ ಬಳಿ ತಂದಿದ್ದೆ, ನಿನ್ನ ಕೈತುಂಬ ಇಡಸಬೇಕಂತ. ಸೆರಗಿನ್ಯಾಗ ಕಟಗೊಂಡ ಕುಂತಿದ್ದೆ ಅವತ್ತ."

ಆಕೆಯದಲ್ಲ ಅಂತಾದರೆ… ನನ್ನದು ಅನ್ನಲು ಆಗಲೂ ಧೈರ್ಯ ಬರಲಿಲ್ಲ. ಕಾಕು ಮಾತ್ರ ಹೊಸ ಆಟಿಕೆ ಸಿಕ್ಕ ಮಗುವಿನಂತೆ ಖುಷಿಯಾಗಿದ್ದಳು. "ನೋಡ ಮತ್ತ, ಹುಡಕು. ಸಿಕ್ರ ನನಗೂ ಬಂದ ಹೇಳ," ಅಂದಳು.

ಹೇಳಲು ಆಗಲಿಲ್ಲ. ಆ ವಾರವೇ ಹೋಗಿಬಿಟ್ಟಳು. ಮಣ್ಣು ಮುಗಿಸಿ ಬಂದ ದಿನ ಅವ್ವನಿಗೆ ಬಳೆಯ ಮಾತು ಹೇಳಿದೆ. ಅವ್ವ ನಂಬಲಿಲ್ಲ. ಇನ್ನೊಮ್ಮೆ ಹೇಳಿಸಿದಳು. ಆಮೇಲೆ ಗೋಡೆಗೆ ಆತು ಕೂತು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಬಾಜೂಮನೆಯವರಿಗೆ ಕೇಳಿಸಬಾರದೆಂದು ಅಷ್ಟು ಸಣ್ಣಗೆ.

ಈಗ ಅವ್ವ ಜಮಖಂಡಿಯಲ್ಲಿ ನನ್ನ ಜೊತೆಗೇ ಇದ್ದಾಳೆ. ನನಗೆ ಕಾಕುವಿನ ನೆನಪು ಬಂದರೆ ಕೇಳಬೇಕಾದ ನೂರು ಪ್ರಶ್ನೆ ಒಟ್ಟಿಗೆ ಬರುತ್ತವೆ. ಅವ್ವನಿಗೆ ಬರುವುದು ಒಂದೇ. ಯಾವುದೋ ಮಾತಿನ ನಡುವೆಯೇ, "ಆ ಬಳಿ ಏನ ಮಾಡಿರಬೇಕ ಅಕಿ?" ಅನ್ನುತ್ತಾಳೆ. ನನಗೆ ಗೊತ್ತಿಲ್ಲ. ಕೇಳೋಣವೆಂದರೆ ಕಾಕು ಇಲ್ಲ.